ಈ ಚಳಿಗಾಲ ಅಪ್ಪ ಆಸ್ಪತ್ರೆ ಸೇರಲಿಲ್ಲ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋಗುತ್ತದೆ ಅಂತಾರಲ್ಲ, ಈ ಸಲ ಹಾಗೇ ಹೋಯಿತು. ಅಪ್ಪನ ದಮ್ಮು ಕೆರಳಲಿಲ್ಲ. ಹಿಂದೆಲ್ಲ ಧನುರ್ಮಾಸ ಬಂತೆಂದರೆ ಆಕ್ಸಿಜನ್ ಹಾಕಿಸಿಕೊಂಡು ಮಲಗುತ್ತಿದ್ದವರು. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರು ಕೈ ಮುಗಿಯಬೇಕು ಅಂತ ಬರೆಯುತ್ತಿದ್ದೇನೆ.

ಅಪ್ಪ ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಒಲೆಗೆ ಉರಿ ಹಾಕಿಯೇ ನಮ್ಮನ್ನು ಸಾಕಿದವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಷ್ಟು ಹೊತ್ತೂ ಸಿಪ್ಪೆ ತಳ್ಳುತ್ತಲೇ ಇರಬೇಕು. ಸಿಪ್ಪೆ ಹಸಿಯಿದ್ದರೆ ಹೊಗೆ ಇನ್ನೂ ಜಾಸ್ತಿ. ಬೀಡಿ ಮುಟ್ಟಿದವರಲ್ಲ. ಹಾಗಾಗಿ ‘ವಯಸ್ಸಾಯ್ತು, ಅದಕ್ಕೇ ಏದುಸಿರು’ ಅಂತ ಊರೆಲ್ಲ ಹೇಳುತ್ತಿತ್ತು.

ಹಾಗಲ್ಲ ಅಂದವರು ಮಂಡ್ಯದ ದೊಡ್ಡಾಸ್ಪತ್ರೆಯ ಡಾಕ್ಟ್ರು. ಕೆಮ್ಮು ಎಷ್ಟು ದಿನದ್ದು ಅಂತ ಕೇಳಿ ಸುಮ್ಮನಾಗದೆ, ಏನು ಕೆಲಸ ಅಂತಲೂ ಕೇಳಿದರು. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂದ ಮೇಲೆ ಸ್ಪೈರೋಮೆಟ್ರಿ ಮಾಡಿಸಿದರು. ಎದೆ ತುಂಬ ಉಸಿರೆಳೆದು ಕೊಳವೆಗೆ ಜೋರಾಗಿ ಊದಬೇಕು. ಬಾಯಿಗೆ ಇಟ್ಟು ಎಳೆದುಕೊಳ್ಳುವ ಔಷಧಿಯ ಪಂಪ್ (ಇನ್‌ಹೇಲರ್) ಕೊಟ್ಟ ಮೇಲೂ, ಊದಿದ ಗಾಳಿಯಲ್ಲಿ ಶೇ. 70ರಷ್ಟು ಮೊದಲ ಸೆಕೆಂಡಿನಲ್ಲಿ ಹೊರಬರದಿದ್ದರೆ ಸಿಒಪಿಡಿ ಅನ್ನುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಅಂತೆ. ಅಪ್ಪನಿಗೆ ಅರ್ಧ ಕೂಡ ಬರಲಿಲ್ಲ. ಶ್ವಾಸನಾಳ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಬರದೆ ಅಲ್ಲೇ ಉಳಿದುಬಿಡುತ್ತದೆ. ಹೊಸ ಉಸಿರಿಗೆ ಜಾಗವೇ ಇರುವುದಿಲ್ಲ. ಹಾಳಾದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಅಂತ ಮುಚ್ಚುಮರೆಯಿಲ್ಲದೆ ಹೇಳಿದಿರಲ್ಲ ಸರ್, ಆ ಮಾತಿಗೆ ನಾವು ಋಣಿ.

ರಾತ್ರಿ ಪಾಳಿಯ ಸಿಸ್ಟರ್, ನಿಮಗೂ. ಆಕ್ಸಿಜನ್ ಜಾಸ್ತಿ ಮಾಡಿ ಅಂತ ನಾವು ಗೋಗರೆಯುತ್ತಿದ್ದೆವು. ಇಂಥವರಿಗೆ ರಕ್ತದ ಆಕ್ಸಿಜನ್ ಮಟ್ಟ ಶೇ. 88ರಿಂದ 92 ಇದ್ದರೆ ಸಾಕು, ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ ಅಂತ ತಾಳ್ಮೆಯಿಂದ ತಿಳಿಸಿದಿರಿ.

ಎಲ್ಲಕ್ಕಿಂತ ದೊಡ್ಡ ಉಪಕಾರ ಫಿಸಿಯೋಥೆರಪಿ ಮೇಡಂದು. ಪಂಪ್ ಒತ್ತಿದ ಔಷಧಿ ಅಪ್ಪನ ಬಾಯಿ, ಗಂಟಲಲ್ಲೇ ಉಳಿಯುತ್ತಿತ್ತು. ಪಂಪಿಗೆ ಸ್ಪೇಸರ್ ಅನ್ನುವ ಟೊಳ್ಳು ಕೊಳವೆ ಸಿಕ್ಕಿಸಿ, ಒಂದು ಸಲ ಒತ್ತಿ, ನಿಧಾನಕ್ಕೆ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಆಮೇಲೆ ಬಾಯಿ ಮುಕ್ಕಳಿಸಬೇಕು. ಇದನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಿಸಿದರು. ಏದುಸಿರು ಬಂದಾಗ ಗಾಬರಿ ಬೀಳಬೇಡಿ ತಾತ, ಮೂಗಿನಲ್ಲಿ ಎಳೆದು, ಬಿಸಿ ಕಾಫಿ ಆರಿಸೋ ಹಾಗೆ ತುಟಿ ಮುಂದೆ ಮಾಡಿ ಮೆಲ್ಲಗೆ ಬಿಡಿ ಅಂದರು. ಎಳೆದುಕೊಂಡ ಹೊತ್ತಿನ ಎರಡರಷ್ಟು ಹೊತ್ತು ಬಿಡಬೇಕು. ಈಗ ಅಪ್ಪ ಕೆರೆ ಏರಿಯವರೆಗೂ ನಡೆದು ಬರುತ್ತಾರೆ, ನಡುವೆ ಕೂರುವುದಿಲ್ಲ.

ಆಲೆಮನೆ ಗೌಡ್ರೇ, ನೀವು ಅಪ್ಪನನ್ನು ಕೆಲಸ ಬಿಡಿಸದೆ ಬೆಲ್ಲದ ತೂಕಕ್ಕೆ ಕೂರಿಸಿದಿರಿ. ಕೂಲಿ ಕಡಿಮೆ ಮಾಡಲಿಲ್ಲ. ಒಲೆಗೆ ಹಳೇ ಟೈರ್ ಹಾಕುವುದನ್ನೂ ನಿಲ್ಲಿಸಿದಿರಿ. ಈಗ ಉರಿ ಹಾಕುತ್ತಿರುವ ಹುಡುಗನ ಪರವಾಗಿಯೂ ನಿಮಗೆ ನಮಸ್ಕಾರ.

ಪಂಪ್ ಅಭ್ಯಾಸವಾಗಿಬಿಡುತ್ತದೆ ಅಂತ ಹೆದರಿಸುವವರು ಈಗಲೂ ಇದ್ದಾರೆ. ಅದು ಚಟವಲ್ಲ, ಮದ್ದು. ಸ್ಪೇಸರ್ ಬಳಸುವುದು ಹೇಗೆ ಅಂತ ಯಾರಿಗಾದರೂ ನೋಡಬೇಕಿದ್ದರೆ ಮನೆಗೆ ಬನ್ನಿ, ಅಪ್ಪನೇ ತೋರಿಸಿಕೊಡುತ್ತಾರೆ.