ತತ್ವಶಾಸ್ತ್ರ ಪದವಿ: ಫೀಸು ನೋಡಿ ಬೆಲೆ ಕಟ್ಟಬೇಡಿ

ಸಂಪಾದಕರೇ,

ಫೀಸು ಎಷ್ಟು, ಓದು ಮುಗಿದ ಮೇಲೆ ಮೊದಲ ಸಂಬಳ ಎಷ್ಟು ಅಂತ ಪದವಿಗಳನ್ನು ತೂಗಿ ನೋಡುವ ಬರಹಗಳು ಈಚೆಗೆ ಜಾಸ್ತಿಯಾಗಿವೆ. ತತ್ವಶಾಸ್ತ್ರಕ್ಕೆ ಅಲ್ಲಿ ಹೆಚ್ಚಾಗಿ ಕೆಳಗಿನ ಸಾಲೇ ಗತಿ. ಈ ವಿಷಯ ಓದಿದವನಾಗಿ ಹೇಳುತ್ತೇನೆ, ಆ ಲೆಕ್ಕವೇ ಸರಿಯಿಲ್ಲ.

ಮೊದಲು ಫೀಸನ್ನೇ ನೋಡಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ, ಸೆಮಿಸ್ಟರಿಗೆ ಒಂದಿಷ್ಟು ಇತರೆ ಶುಲ್ಕ ಕಟ್ಟಿದರೆ ಆಯಿತು. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರ ಹತ್ತಿರ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಇಂಗ್ಲೆಂಡಿನಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೇ 2025-26ರಲ್ಲಿ ವರ್ಷಕ್ಕೆ 9,535 ಪೌಂಡ್‌ವರೆಗೆ ಫೀಸು ಹಾಕಬಹುದು; ಲ್ಯಾಬು, ಯಂತ್ರ ಎಲ್ಲ ಬೇಕಾಗುವ ಭೌತಶಾಸ್ತ್ರಕ್ಕೂ ಅದೇ ಮಿತಿ, ಪುಸ್ತಕ ಮತ್ತು ಒಬ್ಬ ಒಳ್ಳೆಯ ಮೇಷ್ಟ್ರು ಇದ್ದರೆ ನಡೆಯುವ ತತ್ವಶಾಸ್ತ್ರಕ್ಕೂ ಅದೇ. ಆಸ್ಟ್ರೇಲಿಯಾ ಸರ್ಕಾರವಂತೂ 2021ರಲ್ಲಿ ತತ್ವಶಾಸ್ತ್ರವೂ ಸೇರಿದಂತೆ ಹಲವು ವಿಷಯಗಳ ಫೀಸನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿ, ವರ್ಷಕ್ಕೆ 14,500 ಡಾಲರ್‌ಗೆ ಏರಿಸಿತು. ನರ್ಸಿಂಗ್, ಶಿಕ್ಷಕ ತರಬೇತಿಯ ಫೀಸು ಇಳಿಸಿತು. ಮಕ್ಕಳು ಕೆಲಸ ಸಿಗುವ ಕಡೆ ಹೋಗಲಿ ಅನ್ನುವ ಲೆಕ್ಕಾಚಾರ ಅದು. ಪಾಠ ಮಾಡುವ ಖರ್ಚೇನು ಆ ವರ್ಷ ದುಪ್ಪಟ್ಟಾಗಿರಲಿಲ್ಲ, ಅಲ್ವಾ?

ಹಾಗಾದರೆ ವಿದ್ಯಾರ್ಥಿಗೆ ಸಿಗುವುದೇನು? ಓದುವ ಸಾಮಗ್ರಿ ಅಂತೂ ಅಲ್ಲ. ಸ್ಟ್ಯಾನ್‌ಫರ್ಡ್‌ನ ತತ್ವಶಾಸ್ತ್ರ ವಿಶ್ವಕೋಶ 1995ರಿಂದ ಅಂತರ್ಜಾಲದಲ್ಲಿದೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಸಿಗಬೇಕಾದದ್ದು ಬೇರೆ. ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಬಗ್ಗೆ ನೀವು ಎರಡು ಪುಟ ಬರೆದುಕೊಟ್ಟಿರುತ್ತೀರಿ, ಚೆನ್ನಾಗಿಯೇ ಬಂದಿದೆ ಅಂದುಕೊಂಡಿರುತ್ತೀರಿ. ಮೇಷ್ಟ್ರು ನಡುವಿನ ಒಂದು ಸಾಲಿಗೆ ಅಡಿಗೆರೆ ಎಳೆದು, 'ಮೇಲೆ ಹೇಳಿದ್ದರಿಂದ ಇದು ಹೇಗೆ ಬಂತು?' ಅಂತ ಪಕ್ಕದಲ್ಲಿ ಬರೆದಿರುತ್ತಾರೆ. ಉತ್ತರ ಹುಡುಕಲು ಕೂತರೆ ಆ ಸಾಲಷ್ಟೇ ಅಲ್ಲ, ಅದರ ಮೇಲೆ ಕಟ್ಟಿದ್ದೆಲ್ಲ ಅಲುಗಾಡುತ್ತದೆ. ಮತ್ತೆ ಬರೆಯುತ್ತೀರಿ. ಇದು ವರ್ಷಗಟ್ಟಲೆ ನಡೆದರೆ ಯಾವ ಕರಾರುಪತ್ರ, ಯಾವ ವರದಿ, ಯಾವ ಭಾಷಣ ಕೈಗೆ ಬಂದರೂ ಎಲ್ಲಿ ಕೊಂಡಿ ತಪ್ಪಿದೆ ಅಂತ ಕಣ್ಣು ತಾನಾಗಿ ಹುಡುಕುತ್ತದೆ. ಜಿಆರ್‌ಇ ಅನ್ನುವ, ಅಮೆರಿಕ ಮುಂತಾದ ಕಡೆ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಪರೀಕ್ಷೆಯ ಬರವಣಿಗೆ ಭಾಗದಲ್ಲಿ ತತ್ವಶಾಸ್ತ್ರದವರು ವರ್ಷ ವರ್ಷವೂ ಮುಂದಿರುತ್ತಾರೆ. ಚೆನ್ನಾಗಿ ಓದುವವರೇ ಈ ವಿಷಯಕ್ಕೆ ಬರುತ್ತಾರೆ ಅನ್ನುವುದೂ ಅದಕ್ಕೆ ಕಾರಣ ಇರಬಹುದು, ಒಪ್ಪುತ್ತೇನೆ. ಆದರೂ ತಿದ್ದಿಸಿಕೊಂಡು ಬರೆದ ಅಭ್ಯಾಸ ಸುಮ್ನೆ ಹೋಗುವುದಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಅವರ ಪ್ರಬಂಧದ ಮೇಲೆ ಚರ್ಚೆ ಮಾಡುತ್ತಾರೆ. ಎಲ್ಲ ಕಡೆ ಅದು ಆಗದು. ಆದರೆ ದೊಡ್ಡ ಹಾಲ್‌ನಲ್ಲಿ ಉಪನ್ಯಾಸ ಕೇಳಿಸಿ, ಕೊನೆಗೊಂದು ಪರೀಕ್ಷೆ ಬರೆಸಿ ಕಳಿಸುವ ಕಡೆ, ಹೆಸರು ಎಷ್ಟೇ ದೊಡ್ಡದಿರಲಿ, ಸಾಲ ಮಾಡಿ ಸೇರಬೇಡಿ ಅಂತಲೇ ನಾನು ಹೇಳುವುದು.

ಮುಂದಿನ ಸಲ ಪದವಿಗಳ ಪಟ್ಟಿ ಹಾಕುವಾಗ ಸಂಬಳದ ಪಕ್ಕ ಇನ್ನೊಂದು ಕಾಲಂ ಸೇರಿಸಿ: ಒಂದು ಸೆಮಿಸ್ಟರಿನಲ್ಲಿ ಎಷ್ಟು ಪ್ರಬಂಧ ಬರೆಸುತ್ತಾರೆ, ಅದನ್ನು ಯಾರು ಓದಿ ತಿದ್ದುತ್ತಾರೆ.

– ತತ್ವಶಾಸ್ತ್ರದ ಹಳೆಯ ವಿದ್ಯಾರ್ಥಿ