ಮತ್ತೆ ಹಾಡಿದೆ, ನಿಮ್ಮೆಲ್ಲರಿಂದ

ಚೌತಿಗೆ ಕಾಸರಗೋಡಿನ ಮಧೂರು ದೇವಸ್ಥಾನದಲ್ಲಿ ಪೂರ್ತಿ ಕಛೇರಿ ಹಾಡಿದೆ, ಆರಂಭದ ವರ್ಣದಿಂದ ಕೊನೆಯ ಮಂಗಳದವರೆಗೆ. ಗಂಟಲು ಕೈಕೊಟ್ಟ ಮೇಲೆ ಇದೇ ಮೊದಲು. ಫೋನು, ಮೆಸೇಜು ಬರುತ್ತಲೇ ಇವೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಧ್ವನಿತಂತುಗಳಲ್ಲಿ ಗಂಟು ಬಂದಿತ್ತು. ಬೆಳಗ್ಗೆ ಸಂಜೆ ಪಾಠ, ಜಾತ್ರೆಯ ದಿನಗಳಲ್ಲಿ ಮೇಲಿಂದ ಮೇಲೆ ಕಛೇರಿ, ಧ್ವನಿಗೆ ಬಿಡುವೇ ಇರಲಿಲ್ಲ. ಆಪರೇಷನ್‌ಗೆ ಆತುರ ಬೇಡ, ಮೊದಲು ಮಾತು ನಿಲ್ಲಿಸಿ, ಆಮೇಲೆ ವಾಯ್ಸ್ ಥೆರಪಿ ಎಂದರು ಮಂಗಳೂರಿನ ಡಾಕ್ಟರ್. ಪಿಸುಮಾತೂ ಆಡಬಾರದು, ಅದರಿಂದ ಗಂಟಲಿಗೆ ಇನ್ನೂ ಆಯಾಸವಂತೆ. ಆಮೇಲೆ ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು, ಗುಳ್ಳೆ ಬರಿಸುತ್ತಾ ಸ್ವರ ಹಿಡಿಯಲು ಕಲಿಸಿದ ಆ ಥೆರಪಿಸ್ಟ್ ಹುಡುಗಿಗೆ ನನ್ನ ನಮಸ್ಕಾರ. ಎಷ್ಟು ತಾಳ್ಮೆ ಅವಳಿಗೆ!

ಅಷ್ಟೂ ದಿನ ಪಾಠ ನಿಲ್ಲಲಿಲ್ಲ. ನಿಲ್ಲದಂತೆ ನೋಡಿಕೊಂಡವರು ನನ್ನ ದೊಡ್ಡ ಮಕ್ಕಳು, ಅಂದರೆ ಹಳೆಯ ಶಿಷ್ಯರು. ನಾನು ಬರೀ ತಾಳ ಹಾಕುತ್ತಾ ಕೂರುತ್ತಿದ್ದೆ, ಅವರು ಚಿಕ್ಕವರಿಗೆ ಮಾಯಾಮಾಳವಗೌಳ ರಾಗದ ಸರಳೆವರಸೆ, ಅಂದರೆ ಮೊದಲ ಸ್ವರಪಾಠ, ಹೇಳಿಕೊಡುತ್ತಿದ್ದರು. ನಮ್ಮಲ್ಲಿ ಮಲಯಾಳ ಮೀಡಿಯಂ ಮಕ್ಕಳು ಜಾಸ್ತಿ, ಕನ್ನಡ ಓದಲು ಬಾರದು. ಅವರಿಗಾಗಿ ದಾಸರ ಪದಗಳನ್ನೆಲ್ಲ ಮಲಯಾಳ ಅಕ್ಷರದಲ್ಲಿ ಬರೆದು, ಪ್ರತಿ ಸಾಲಿನ ಅರ್ಥ ಹೇಳಿ, ಉಚ್ಚಾರ ತಿದ್ದಿ ಹಾಡಿಸಿದ್ದಾರೆ. ಒಂದು ಸಂಜೆ ಆ ದೊಡ್ಡ ಮಕ್ಕಳಲ್ಲೊಬ್ಬಳು ತೋಡಿ ರಾಗ ಹಾಡಿದಳು. ನಮ್ಮ ಗುರುಗಳು ಅದರ ಗಾಂಧಾರ ಸ್ವರವನ್ನು ತೂಗುತ್ತಿದ್ದ ರೀತಿಯೇ ಬೇರೆ, ಅದು ಆ ಹುಡುಗಿಯ ಗಂಟಲಲ್ಲಿ ಹಾಗೇ ಇತ್ತು. ಅವರನ್ನು ಅವಳು ನೋಡಿಯೇ ಇಲ್ಲ. ನನ್ನ ಧ್ವನಿ ಹೋದರೂ ಇದು ಹೋಗಲ್ಲ ಅಂತ ಧೈರ್ಯ ಬಂದದ್ದು ಆಗಲೇ.

ಹಾಡದೆ ಪ್ರಾರ್ಥನೆ ಮಾಡುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಎಡನೀರು ಮಠಕ್ಕೆ ಹೋಗಿ ಸುಮ್ನೆ ಕುಳಿತು ಬರುತ್ತಿದ್ದೆ. 2020ರಲ್ಲಿ ಅಗಲಿದ ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳು ಹೊರಗಿನವರಿಗೆ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗೊತ್ತು, ನಮ್ಮ ಮನೆಯವರಿಗೆ ಅವರ ಹಾಡಿನಿಂದ. ಸನ್ಯಾಸಿ ಸ್ವತಃ ಹಾಡುವುದನ್ನು ಕೇಳಿ ಬೆಳೆದವಳಿಗೆ ಪೂಜೆ ಬೇರೆ, ಸಂಗೀತ ಬೇರೆ ಅಂತ ಯಾವತ್ತೂ ಅನ್ನಿಸಿಲ್ಲ. ಬಾಯಿ ಮುಚ್ಚಿದ್ದಾಗ ಮನಸ್ಸಿನೊಳಗೇ ಶಂಕರಾಭರಣ ರಾಗದ ಆಲಾಪನೆ ಮಾಡಿದೆ. ಅದೂ ದೇವರಿಗೆ ಕೇಳಿಸಿರಬೇಕು, ಅಲ್ವಾ?

ಈಗ ಐದೂವರೆ ಶ್ರುತಿ ಬಿಟ್ಟು ಐದಕ್ಕೆ ಇಳಿದಿದ್ದೇನೆ, ಅಂದರೆ ಸ್ವಲ್ಪ ತಗ್ಗಿನ ಆಧಾರ ಸ್ವರಕ್ಕೆ. ಮೃದಂಗದವರು ನನಗೋಸ್ಕರ ಬೇರೆ ಮೃದಂಗವನ್ನೇ ತಂದರು. ಮೇಲಿನ ಷಡ್ಜದಲ್ಲಿ ಉಸಿರು ಸಾಲದಾಗ ಪಿಟೀಲಿನವರು ಅದನ್ನು ಹಿಡಿದು ನಿಲ್ಲಿಸಿದರು, ಸಭೆಗೆ ಗೊತ್ತೂ ಆಗಲಿಲ್ಲ. ಇಬ್ಬರೂ ದುಡ್ಡು ಮುಟ್ಟಲಿಲ್ಲ. ಹಾಡಲಾಗದ ಟೀಚರ್ ಬಳಿಗೂ ಮಕ್ಕಳನ್ನು ಕಳಿಸುತ್ತಲೇ ಇದ್ದ ತಂದೆತಾಯಿಯರಿಗೆ, ಗಂಜಿ ತಂದುಕೊಡುತ್ತಿದ್ದ ಪಕ್ಕದ ಮನೆಯ ಚೇಚಿಗೆ (ಮಲಯಾಳದಲ್ಲಿ ಅಕ್ಕ), ಸ್ಲೇಟಿನಲ್ಲಿ ಬರೆದದ್ದನ್ನೆಲ್ಲ ಬೇಸರಿಸದೆ ಓದಿದ ನನ್ನ ಯಜಮಾನರಿಗೆ ಏನು ಹೇಳಿದರೂ ಕಡಿಮೆಯೇ.

ವಿಜಯದಶಮಿಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತೇನೆ. ಚಿಕ್ಕವರಿಗೆ ಇನ್ನು ಮುಂದೆಯೂ ಆ ದೊಡ್ಡ ಮಕ್ಕಳೇ ಪಾಠ ಹೇಳುತ್ತಾರೆ. ದಯವಿಟ್ಟು ಅವರನ್ನೂ ಟೀಚರ್ ಎಂದೇ ಕರೆಯಿರಿ.