ಬಾರದೇ ಹೋದ ಒಂದು ಕಾಗದ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಬರ್ಲಿನ್‌ನಿಂದ ನೀನು ಕಳಿಸಿದ ಫೋಟೋ ನೋಡಿದೆ. ಪಾರ್ಲಿಮೆಂಟ್ ಕಟ್ಟಡದ ಹತ್ತಿರ ಎರಕದ ಕಬ್ಬಿಣದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದಾರಲ್ಲ, ಅವು ಅಲಂಕಾರಕ್ಕಲ್ಲ ಪುಟ್ಟಿ. ಒಟ್ಟು 96 ಇವೆ. ನಾಜಿಗಳ ಕೈಯಲ್ಲಿ ಸತ್ತ 96 ಸಂಸದರಿಗೆ ಒಂದೊಂದು.

‘ಅಷ್ಟು ಓದಿದ ಜರ್ಮನ್ ಜನ ಹಿಟ್ಲರನಂಥವನ ಕೈಗೆ ಹೇಗೆ ಸಿಕ್ಕಿಬಿದ್ದರು ದೊಡ್ಡಪ್ಪಾ?’ ಅಂತ ಕೇಳಿದ್ದೆ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲ ಮಹಾಯುದ್ಧ ಸೋತ ಅವಮಾನ ಇತ್ತು. 1923ರಲ್ಲಿ ಬೆಲೆಗಳು ಹುಚ್ಚಾಪಟ್ಟೆ ಏರಿ, ಕೂಡಿಟ್ಟ ದುಡ್ಡೆಲ್ಲ ಬರೀ ಕಾಗದವಾಯಿತು. 1932ರ ಹೊತ್ತಿಗೆ ಸುಮಾರು 60 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ. ಇದೆಲ್ಲ ನಿಜ. ಆದರೆ ಹಸಿವೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಆ ನವೆಂಬರ್ ಚುನಾವಣೆಯಲ್ಲೂ ಹಿಟ್ಲರ್ ಪಕ್ಷಕ್ಕೆ ಬಿದ್ದದ್ದು ನೂರಕ್ಕೆ 33 ಓಟು ಮಾತ್ರ. 1933ರ ಜನವರಿ 30ರಂದು ಅವನನ್ನು ಕರೆದು ಚಾನ್ಸಲರ್, ಅಂದರೆ ಪ್ರಧಾನಿಯ ಕುರ್ಚಿ ಕೊಟ್ಟವರು ಅಧಿಕಾರದಲ್ಲಿ ಪಳಗಿದ ದೊಡ್ಡ ಮನುಷ್ಯರು. ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಅಂತ ನಂಬಿದ್ದರು.

ಫೆಬ್ರವರಿ 27ರ ರಾತ್ರಿ ಪಾರ್ಲಿಮೆಂಟಿಗೆ ಬೆಂಕಿ ಬಿತ್ತು. ಮಾರನೇ ದಿನವೇ ಮಾತಾಡುವ, ಸಭೆ ಸೇರುವ, ಬರೆಯುವ ಹಕ್ಕುಗಳೆಲ್ಲ ರದ್ದು.

ನಾನು ಮುಖ್ಯವಾಗಿ ಹೇಳಬೇಕಾದ್ದು ಮಾರ್ಚ್ 23ರ ಕಥೆ. ಸುಟ್ಟ ಕಟ್ಟಡದಲ್ಲಿ ಸೇರೋಕೆ ಆಗದೆ ಕ್ರೋಲ್ ಅನ್ನುವ ಒಪೆರಾ ಭವನದಲ್ಲಿ ಸಂಸತ್ತು ಸೇರಿತು. ಸಂಸತ್ತನ್ನು ಕೇಳದೆ ನಾಲ್ಕು ವರ್ಷ ಸರ್ಕಾರವೇ ಕಾನೂನು ಮಾಡಬಹುದು ಅನ್ನುವ ಮಸೂದೆ. ಕಮ್ಯುನಿಸ್ಟ್ ಸದಸ್ಯರಿಗೆ ಒಳಗೆ ಬರಲು ಬಿಡಲಿಲ್ಲ. ಒಳಗೆಲ್ಲ ಹಿಟ್ಲರನ ಸಮವಸ್ತ್ರದ ಪಡೆ. ಮೂರನೇ ಎರಡು ಭಾಗ ಮತ ಬೇಕಿತ್ತು, ಅದಕ್ಕೆ ಕ್ಯಾಥೊಲಿಕ್ಕರ ಸೆಂಟರ್ ಪಕ್ಷದ ಕೈ ಬೇಕೇ ಬೇಕು. ಅವರೇನು ದಡ್ಡರಲ್ಲ. ಕೆಲವು ಭರವಸೆ ಬರಹದಲ್ಲಿ ಕೊಡಿ ಅಂದರು. ಕಾಗದ ಬರುತ್ತೆ ಅಂದ ಹಿಟ್ಲರ್. ಓಟಿನ ಹೊತ್ತಾಯಿತು, ಕಾಗದ ಬರಲಿಲ್ಲ. ಆದರೂ ಪರವಾಗಿ ಓಟು ಹಾಕಿದರು. ಆ ಕಾಗದ ಕೊನೆಗೂ ಬರಲೇ ಇಲ್ಲ. ಜುಲೈ ಹೊತ್ತಿಗೆ ಅವರ ಪಕ್ಷವೇ ಇರಲಿಲ್ಲ.

ಪರ 444, ವಿರುದ್ಧ 94. ಆ 94 ಜನರೂ ಸೋಷಿಯಲ್ ಡೆಮಾಕ್ರಟರು. ಅವರ ನಾಯಕ ಒಟ್ಟೊ ವೆಲ್ಸ್ ಆ ಪಡೆಯ ಎದುರೇ ಎದ್ದು ನಿಂತು, ನಮ್ಮ ಸ್ವಾತಂತ್ರ್ಯ, ಪ್ರಾಣ ಕಿತ್ತುಕೊಳ್ಳಬಹುದು, ಮಾನ ಕಿತ್ತುಕೊಳ್ಳಲಾರಿರಿ ಅಂದರು. ಇದನ್ನು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ಮನೆಯೊಳಗೆ ನಡೆದದ್ದೇ ಆಮೇಲೆ ಊರಿಗೆಲ್ಲ ನಡೆಯಿತು. 1936ರಲ್ಲಿ, ಸೈನ್ಯ ಇಡಬಾರದು ಅಂತ ಒಪ್ಪಂದವಿದ್ದ ಗಡಿಯ ರೈನ್‌ಲ್ಯಾಂಡ್‌ಗೆ ಸೈನ್ಯ, 1938ರ ಮಾರ್ಚಿನಲ್ಲಿ ಆಸ್ಟ್ರಿಯಾ. ಇದೊಂದು ಕೊನೆಯದು ಅಂತ ಚೆಕೊಸ್ಲೊವಾಕಿಯಾದ ಸುಡೆಟೆನ್‌ಲ್ಯಾಂಡ್ ಕೇಳಿದ. ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್‌ನವರು ಅದನ್ನು ಕೊಟ್ಟರು. ಯಾರ ನೆಲವೋ ಆ ಚೆಕ್ಕರನ್ನು ಮಾತುಕತೆಗೆ ಸೇರಿಸಲೇ ಇಲ್ಲ! ಈ ಸಲ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಕೈಯಲ್ಲಿ ಹಿಟ್ಲರ್ ಸಹಿ ಹಾಕಿದ ಕಾಗದವೂ ಇತ್ತು. ಆರು ತಿಂಗಳು ತುಂಬುವುದರೊಳಗೆ ಜರ್ಮನ್ ಸೈನ್ಯ ಪ್ರಾಗ್‌ನಲ್ಲಿತ್ತು. 1939ರ ಸೆಪ್ಟೆಂಬರ್ 1ಕ್ಕೆ ಪೋಲೆಂಡ್.

ನೀನು ಎಲ್ಲೇ ಇರು, ಇಷ್ಟು ನೆನಪಿಟ್ಟುಕೋ. ‘ಸ್ವಲ್ಪ ದಿನದ ಮಟ್ಟಿಗೆ’ ಅಂತ ಯಾರಾದರೂ ಹೆಚ್ಚಿನ ಅಧಿಕಾರ ಕೇಳಿದರೆ, ವಾಪಸ್ ಕೊಡಿಸುವವರು ಯಾರು ಅಂತ ಕೇಳು. ಅವರ ಮಾತಿಗಿಂತ ನಿನ್ನೆ ಮಾಡಿದ ಕೆಲಸ ನೋಡು. ಪಕ್ಕದವರ ಬಾಯಿ ಮುಚ್ಚಿಸಿದಾಗ, ನನಗೇನಾಗಿಲ್ಲವಲ್ಲ ಅಂತ ಸುಮ್ನೆ ಇರಬೇಡ. ಬೇರೆಯವರ ಪಾಲಿನದನ್ನು ಕೊಟ್ಟು ಕೊಂಡ ಶಾಂತಿಗೆ ಚಪ್ಪಾಳೆ ತಟ್ಟಬೇಡ.

ಮುಂದಿನ ಭಾನುವಾರ ಬಿಡುವಿದ್ದರೆ ಮತ್ತೆ ಅಲ್ಲಿಗೆ ಹೋಗು. ಹಲಗೆಗಳ ಮೇಲಂಚಿನಲ್ಲಿ ಹೆಸರು, ಪಕ್ಷ, ಸತ್ತ ಊರು, ದಿನ ಕೆತ್ತಿದ್ದಾರೆ. ಬಗ್ಗಿ ನಿಧಾನವಾಗಿ ಓದು. ಒಂದೆರಡು ಹೆಸರು ಬರೆದು ಕಳಿಸು, ಅವರು ಯಾರು ಅಂತ ನಾನೂ ಹುಡುಕಿ ಓದುತ್ತೇನೆ.

ಚಳಿ ಜಾಸ್ತಿ ಅಂತಿದ್ದೆ, ಟೋಪಿ ಮರೆಯಬೇಡ.

ಇಂತಿ ನಿನ್ನ
ದೊಡ್ಡಪ್ಪ